ಟೊಮೆಟೊ ಕಾಯಿ ತಳ ಕಪ್ಪಾದರೆ ಕ್ಯಾಲ್ಸಿಯಂ ತರುವ ಮೊದಲು ನೀರು ನೋಡಿ

ಕಾಯಿ ತಳ ಕಪ್ಪಾಗುತ್ತಿದೆ, ಯಾವ ಕ್ಯಾಲ್ಸಿಯಂ ಹೊಡೆಯಲಿ ಅಂತ ಕೇಳಿದ್ದೀರಿ. ಸದ್ಯಕ್ಕೆ ಯಾವುದೂ ಬೇಡ. ಗಿಡದ ಬುಡದ ಮಣ್ಣು ಅಗೆದು ತೇವ ನೋಡಿ.

ಕೋಲಾರದ ಕಡೆ ಬೇಸಿಗೆ ಟೊಮೆಟೊ ಹಾಕಿದ್ದಾಗ ನನಗೂ ಹೀಗೇ ಆಗಿತ್ತು. ಗಿಡ ಹಚ್ಚಗಿತ್ತು, ಕಾಯಿ ಚೆನ್ನಾಗಿ ಹಿಡಿದಿತ್ತು. ಆಮೇಲೆ ತಳದಲ್ಲಿ ಒದ್ದೆ ಮಚ್ಚೆ ಬಂತು, ಕಪ್ಪಾಯ್ತು, ಒಳಕ್ಕೆ ಕುಸಿಯಿತು. ಗೊಬ್ಬರದ ಅಂಗಡಿಯವರು ಕ್ಯಾಲ್ಸಿಯಂ ಕೊರತೆ ಅಂದರು. ಸುಳ್ಳಲ್ಲ, ಆದರೆ ಕೊರತೆ ಇದ್ದದ್ದು ಕಾಯಿಯಲ್ಲಿ, ಮಣ್ಣಿನಲ್ಲಲ್ಲ. ಅದು ನನಗೆ ಹೊಳೆಯಲೇ ಇಲ್ಲ.

ಬೋರ್‌ನಲ್ಲಿ ನೀರು ಕಮ್ಮಿ. ಕರೆಂಟ್ ಬಂದಾಗ ಒಮ್ಮೆಲೇ ಡ್ರಿಪ್ ಬಿಡುತ್ತಿದ್ದೆ, ಮಧ್ಯೆ ಮಣ್ಣು ಒಣಗುತ್ತಿತ್ತು. ಆ ಒಣ ಮಣ್ಣಿಗೇ ಕ್ಯಾಲ್ಸಿಯಂ ನೈಟ್ರೇಟ್ ಜಾಸ್ತಿ ಮಾಡುತ್ತಾ ಹೋದೆ. ಬೆಳೆ ಕೆಟ್ಟಿದ್ದು ಇದರಿಂದಲೇ. ಈ ಗೊಬ್ಬರವೂ ಒಂಥರಾ ಉಪ್ಪೇ, ಬೇರಿನ ಸುತ್ತ ಉಪ್ಪಿನಂಶ ಏರಿದರೆ ಬೇರಿಗೆ ನೀರು ಎಳೆಯೋದು ಕಷ್ಟ. ಕ್ಯಾಲ್ಸಿಯಂ ಮೇಲಕ್ಕೆ ಹೋಗುವುದು ಆ ನೀರಿನ ಜೊತೆಗೇ. ಹೋದಷ್ಟರಲ್ಲೂ ಹೆಚ್ಚಿನ ಪಾಲು ಎಲೆಗೆ, ಯಾಕೆಂದರೆ ನೀರು ಆವಿಯಾಗುವುದು ಅಲ್ಲಿಂದ. ಕಾಯಿಯ ಸಿಪ್ಪೆ ಮೇಲೆ ಮೇಣದ ಪದರ ಇದೆ, ಅಲ್ಲಿಂದ ನೀರು ಹೋಗುವುದು ತೀರಾ ಕಡಿಮೆ. ಎಲೆಗೆ ಸೇರಿದ ಕ್ಯಾಲ್ಸಿಯಂ ಮತ್ತೆ ಕಾಯಿಗೆ ಇಳಿಯೋದಿಲ್ಲ, ಹಾಗಾಗಿ ಎಲೆಗೆ ಹೊಡೆದ ಸ್ಪ್ರೇ ಕೂಡ ದಂಡ. ನಾನು ಸುರಿದಷ್ಟೂ ಕಾಯಿಗೆ ಸಿಕ್ಕಿದ್ದು ಕಮ್ಮಿ!

ಕಾಯಿಯ ಪ್ರತಿ ಜೀವಕೋಶಕ್ಕೂ ಕೊಬ್ಬಿನ ಅಣುಗಳ ತೆಳು ಪೊರೆ ಇದೆ. ಕ್ಯಾಲ್ಸಿಯಂ ಆ ಅಣುಗಳನ್ನು ಅಕ್ಕಪಕ್ಕ ಬಿಗಿಯಾಗಿ ಹಿಡಿದಿಡುತ್ತದೆ. ಪೊರೆಯ ಹೊರಗಿನ ಗೋಡೆಯಲ್ಲಿ ಪೆಕ್ಟಿನ್ ಅನ್ನೋ ಅಂಟಿನಂಥ ವಸ್ತುವಿನ ಎಳೆಗಳನ್ನು ಜೋಡಿಸುವುದೂ ಅದೇ. ಅದು ಸಾಲದಿದ್ದರೆ ಪೊರೆ ಸೋರುತ್ತದೆ, ಗೋಡೆ ಸಡಿಲವಾಗುತ್ತದೆ. ಆ ಹೊತ್ತಿಗೆ ಒಣಗಿದ ಗಿಡಕ್ಕೆ ದಿಢೀರ್ ನೀರು ಬಿಟ್ಟರೆ ಕೋಶದೊಳಗೆ ಒತ್ತಡ ಏರುತ್ತದೆ. ಈ ಒತ್ತಡ ಸಣ್ಣದಲ್ಲ, ಸಾಮಾನ್ಯ ಎಲೆಯ ಕೋಶದಲ್ಲೇ ಕಾರಿನ ಟೈರಿಗಿಂತ ಜಾಸ್ತಿ ಇರುತ್ತದೆ. ಬಲವಿಲ್ಲದ ಕೋಶ ಒಡೆದು ರಸ ಹೊರಗೆ ಬರುತ್ತದೆ. ಮೊದಲು ಕಾಣುವ ಒದ್ದೆ ಮಚ್ಚೆ ಅದೇ. ರೋಗವಲ್ಲ, ಔಷಧಿ ಹೊಡೆಯಬೇಡಿ.

ದಿನಾ ಸ್ವಲ್ಪ ಸ್ವಲ್ಪ ನೀರು ಕೊಡಿ, ತೇವ ಆರದಂತೆ ಬುಡಕ್ಕೆ ಹೊದಿಕೆ (ಮಲ್ಚಿಂಗ್) ಹಾಕಿ. ರಾತ್ರಿ ಮಣ್ಣು ಒಣಗಿರಬಾರದು. ಎಲೆಯಿಂದ ನೀರು ಅಷ್ಟಾಗಿ ಆವಿಯಾಗದ ಆ ಹೊತ್ತಿನಲ್ಲಿ ಬೇರು ನೀರನ್ನು ಮೇಲಕ್ಕೆ ತಳ್ಳುವ ಒತ್ತಡವೇ ಕ್ಯಾಲ್ಸಿಯಂ ಅನ್ನು ಕಾಯಿಗೆ ತಳ್ಳುತ್ತದೆ. ಅಮೋನಿಯಂ ಗೊಬ್ಬರ ಕಮ್ಮಿ ಮಾಡಿ, ಬೇರಿನಲ್ಲಿ ಅದು ಕ್ಯಾಲ್ಸಿಯಂಗೆ ಅಡ್ಡ ಬರುತ್ತದೆ. ಮಣ್ಣು ಪರೀಕ್ಷೆಯಲ್ಲಿ ನಿಜಕ್ಕೂ ಕೊರತೆ ಬಂದರೆ ಮಾತ್ರ ಕ್ಯಾಲ್ಸಿಯಂ ನೈಟ್ರೇಟ್ ಹಾಕಿ. ಅದನ್ನು ಫಾಸ್ಫೇಟ್, ಸಲ್ಫೇಟ್ ಗೊಬ್ಬರದ ಜೊತೆ ಒಂದೇ ಟ್ಯಾಂಕಿಗೆ ಸುರಿಯಬೇಡಿ, ಗಟ್ಟಿಯಾಗಿ ಡ್ರಿಪ್ ಕಟ್ಟಿಕೊಳ್ಳುತ್ತದೆ.

ಕಪ್ಪಾದ ಕಾಯಿ ಕಿತ್ತುಬಿಡಿ, ಅದು ಸರಿಹೋಗಲ್ಲ. ಅದರಲ್ಲೂ ಹೊಸದಾಗಿ ಕಾಯಿ ಕಟ್ಟಿದ ಮೊದಲ 2 ವಾರ ನೀರು ತಪ್ಪಿಸಲೇಬೇಡಿ.