ಕೊಡಗಿನ ಮಾದಾಪುರ ಕಡೆ ಜಮ್ಮಾ ಬಾಣೆ ತೋಟದಲ್ಲಿ 15 ಸೆಂಟ್ ಜಾಗ, ಕನ್ವರ್ಷನ್ ಆಗಿಲ್ಲ. ತಗೊಳ್ಳಬಹುದಾ?

ನೀವು ಕೇಳಿರುವುದು ಇಷ್ಟು: ಮೂರು ಏಕರೆ ಕಾಫಿ ತೋಟವನ್ನು 15 ಸೆಂಟ್‌ನಂತೆ 20 ತುಂಡು ಮಾಡಿ ಮಾರುತ್ತಿದ್ದಾರೆ. ಪಹಣಿಯಲ್ಲಿ ಜಮ್ಮಾ ಬಾಣೆ ಎಂದಿದೆ. "ಮೊದಲು ರಿಜಿಸ್ಟರ್ ಮಾಡ್ಕೊಳ್ಳಿ, ಪಂಚಾಯಿತಿಯಲ್ಲಿ 11ಬಿ ಮಾಡಿಸಿಕೊಡ್ತೇವೆ, ಕನ್ವರ್ಷನ್ ಆಮೇಲೆ ನೀವೇ ಮಾಡಿಸ್ಬಹುದು" ಎನ್ನುತ್ತಾರೆ ಬ್ರೋಕರ್ (ಕನ್ವರ್ಷನ್ ಅಂದರೆ ಕೃಷಿ ಜಮೀನನ್ನು ಮನೆ ಕಟ್ಟುವಂಥ ಬೇರೆ ಬಳಕೆಗೆ ಪರಿವರ್ತಿಸುವುದು, 11ಬಿ ಅಂದರೆ ಪಂಚಾಯಿತಿಯ ಒಂದು ತೆರಿಗೆ ವಹಿ). ಈಗಿರುವ ಸ್ಥಿತಿಯಲ್ಲಿ ಬೇಡ. ಜಾಗ ಕೆಟ್ಟದೆಂದಲ್ಲ, ಕೆಲಸವೆಲ್ಲ ತಲೆಕೆಳಗಾಗಿ ನಡೆಯುತ್ತಿದೆ. ಮಾರುವವರು ಮಾಡಬೇಕಾದ ಕೆಲಸವನ್ನು 20 ಜನ ಕೊಳ್ಳುವವರ ತಲೆಗೆ ಹಂಚುತ್ತಿದ್ದಾರೆ.

ಮೊದಲು ಒಂದು ಸಣ್ಣ ಲೆಕ್ಕ. ಮೂರು ಏಕರೆ ಅಂದರೆ 300 ಸೆಂಟ್. 15ರಂತೆ 20 ತುಂಡು ಅಂದರೂ 300 ಸೆಂಟ್. ಹಾಗಾದರೆ ರಸ್ತೆ ಎಲ್ಲಿ? ನೀವು ನೋಡಿ ಬಂದ ಜೀಪ್ ದಾರಿ ಯಾರದೋ 15 ಸೆಂಟಿನ ಒಳಗೇ ಇದೆ. ನಾಳೆ ಆ ಮನುಷ್ಯ ಬೇಲಿ ಹಾಕಿದರೆ ಹಿಂದಿನ ಹತ್ತು ಜನ ಸಿವಿಲ್ ಕೋರ್ಟಿಗೆ ಹೋಗಬೇಕು. ಸರಿಯಾದ ಬಡಾವಣೆಯಲ್ಲಿ ರಸ್ತೆ ಕನಿಷ್ಠ 9 ಮೀಟರ್ ಅಗಲ ಇರಬೇಕು, ಉದ್ಯಾನಕ್ಕೆ ಶೇ 10, ನಾಗರಿಕ ಸೌಲಭ್ಯಕ್ಕೆ ಶೇ 5 ಜಾಗ ಬಿಡಬೇಕು. ಇಳಿಜಾರಿನ ತೋಟದಲ್ಲಿ ರಸ್ತೆಯೇ ಶೇ 20ರಿಂದ 25 ನುಂಗುತ್ತದೆ. ಇದೆಲ್ಲ ಕಳೆದರೆ 300ರಲ್ಲಿ ಮಾರಲು ಉಳಿಯುವುದು 180ರಿಂದ 195 ಸೆಂಟ್, ಅಂದರೆ 12-13 ನಿವೇಶನ. ಉಳಿದ ಏಳೆಂಟರ ದುಡ್ಡು ಎಲ್ಲಿಂದ ಹುಟ್ಟುತ್ತಿದೆ ಎಂದು ಈಗ ಗೊತ್ತಾಗುತ್ತದೆ.

ಇನ್ನು ಜಮ್ಮಾ ವಿಷಯ. ಜಮ್ಮಾ ಅಂದರೆ ಕೊಡಗಿನಲ್ಲಿ ವಂಶಪಾರಂಪರ್ಯವಾಗಿ ಬಂದ ಹಿಡುವಳಿ. ಬೆಂಗಳೂರು, ಮೈಸೂರು ಕಡೆಯವರು ಎಡವುವುದು ಇಲ್ಲೇ. ಗದ್ದೆಗೆ ಪೂರಕವಾಗಿ ಸೊಪ್ಪು, ಸೌದೆ, ಮೇವು, ಮನೆಬಳಕೆಯ ಮರಕ್ಕೆಂದು ಬಿಟ್ಟ ಜಾಗ ಬಾಣೆ. ಕಾಲಕ್ರಮೇಣ ಅದೇ ಕಾಫಿ ತೋಟವಾಯಿತು. ಬಾಣೆದಾರರನ್ನೂ ಕಂದಾಯ ಕಟ್ಟುವ ಹಿಡುವಳಿದಾರರ ಸಾಲಿಗೆ ಸೇರಿಸಿದ್ದು ಭೂಕಂದಾಯ ಕಾಯ್ದೆಗೆ 2011ರಲ್ಲಿ ಮಾಡಿದ ತಿದ್ದುಪಡಿ. ಹಾಗೆಂದು ಕಡತಗಳೆಲ್ಲ ತಾವಾಗಿಯೇ ಸರಿಯಾಗಲಿಲ್ಲ. ಆದ್ದರಿಂದ ಎರಡು ಸಂಗತಿ ನೋಡಿ. ಒಂದು, ಆ ಸರ್ವೆ ನಂಬರಿಗೆ ಕಂದಾಯ ನಿಗದಿ ಆಗಿದೆಯಾ? ಆಗದಿದ್ದರೆ ಕನ್ವರ್ಷನ್ ಅರ್ಜಿ ಅಲ್ಲೇ ನಿಲ್ಲುತ್ತದೆ. ಎರಡು, ಪಹಣಿಯ 9ನೇ ಕಾಲಂನಲ್ಲಿ ಯಾರ ಹೆಸರಿದೆ? ಜಮ್ಮಾದಲ್ಲಿ ಸಾಮಾನ್ಯವಾಗಿ ಒಕ್ಕದ (ಕೂಡುಕುಟುಂಬದ) ಪಟ್ಟೆದಾರರ, ಅಂದರೆ ಹಿರಿಯ ಯಜಮಾನರ ಹೆಸರು ಮುಂದೆ, ಉಳಿದ ಪಾಲುದಾರರ ಹೆಸರು ಹಿಂದೆ ಇರುತ್ತದೆ. ಪಟ್ಟೆದಾರರು ತೀರಿಕೊಂಡು ವರ್ಷಗಳೇ ಆಗಿದ್ದರೂ ಹೆಸರು ಹಾಗೇ ಉಳಿದಿರುವ ಪಹಣಿಗೆ ಕೊಡಗಿನಲ್ಲಿ ಬರವಿಲ್ಲ. ಮಾರುವವರು "ಇದು ನನ್ನ ಪಾಲು, ಅಪ್ಪನ ಕಾಲದಿಂದ ನಾನೇ ಮಾಡ್ತಿದ್ದೇನೆ" ಎನ್ನಬಹುದು, ಅದು ನಿಜವೂ ಇರಬಹುದು. ಆದರೆ ಕಾಗದದಲ್ಲಿ ಪಾಲಾಗಿ, ಪೋಡಿಯಾಗಿ (ಅಳೆದು ಬೇರೆ ಸರ್ವೆ ಭಾಗವಾಗಿ), ಅವರ ಹೆಸರಿಗೇ ಬೇರೆ ಪಹಣಿ ಆಗದ ತನಕ ಮುಂಬೈಯಲ್ಲೋ ದುಬೈಯಲ್ಲೋ ಇರುವ ಚಿಕ್ಕಪ್ಪನ ಮಗಳು ಬಂದು ತಕರಾರು ಹಾಕಬಹುದು. ವಂಶವೃಕ್ಷ, ಜಮಾಬಂದಿ (ಹಳೆಯ ಕಂದಾಯ ದಾಖಲೆ) ನಕಲು, ಹಳೆಯ ಪಾಲುಪತ್ರ ಮೂರನ್ನೂ ಕೇಳಿ, ಒಂದರ ಪಕ್ಕ ಒಂದಿಟ್ಟು ಹೆಸರು ತಾಳೆ ನೋಡಿ. ಮರದ ಹಕ್ಕು ಯಾರದೆಂಬುದೂ ಅದೇ ಕಡತದಲ್ಲಿ ಸಿಗುತ್ತದೆ. 'ಅನ್‌ರಿಡೀಮ್ಡ್' ಎಂದು ಬರೆದಿದ್ದರೆ ಬೆಲೆಬಾಳುವ ಮರದ ಮೇಲೆ ಸರ್ಕಾರದ ಹಕ್ಕು ಇನ್ನೂ ಉಳಿದಿದೆ ಎಂದರ್ಥ. ಮನೆ ಕಟ್ಟುವ ಜಾಗದ ನಡುವೆಯೇ ಒಂದು ಬೀಟೆ ನಿಂತಿದ್ದರೆ ಇದು ಸಣ್ಣ ವಿಷಯವಲ್ಲ.

ಗ್ರಾಮದ ನಕ್ಷೆಯನ್ನೂ ತರಿಸಿ. ಪಕ್ಕದ ಗಡಿಯಲ್ಲಿ ಪೈಸಾರಿ (ಸರ್ಕಾರಿ ಜಾಗ), ಊರುಡುವೆ (ಊರಿನ ಸಾಮೂಹಿಕ ಜಾಗ) ಅಥವಾ ದೇವರಕಾಡು ಇದ್ದರೆ ಸರ್ವೆ ಕಲ್ಲು ಎಲ್ಲಿದೆ ಎಂದು ಅಳೆಸದೆ ಮುಂದೆ ಹೋಗಬೇಡಿ. ಬೇಲಿ ಎಲ್ಲಿದೆಯೋ ಗಡಿ ಅಲ್ಲೇ ಇರಬೇಕೆಂದಿಲ್ಲ.

ಆಮೇಲೆ ಬರುವುದು ಯೋಜನೆಯ ಅನುಮತಿಗಳು. ಕ್ರಮ ಹೀಗಿರಬೇಕು: ಮಾರುವವರ ಹೆಸರಿಗೆ ಪೋಡಿ, ಭೂಕಂದಾಯ ಕಾಯ್ದೆಯ 95ನೇ ಕಲಂ ಪ್ರಕಾರ ಜಿಲ್ಲಾಧಿಕಾರಿಯ ಭೂ ಪರಿವರ್ತನೆ ಆದೇಶ, ಬಡಾವಣೆ ನಕ್ಷೆಗೆ ಅನುಮೋದನೆ, ರಸ್ತೆ-ಉದ್ಯಾನವನ್ನು ಸ್ಥಳೀಯ ಸಂಸ್ಥೆಗೆ ನೋಂದಾಯಿತ ಪತ್ರದ ಮೂಲಕ ಬಿಟ್ಟುಕೊಡುವುದು, ಇ-ಸ್ವತ್ತುವಿನಲ್ಲಿ (ಪಂಚಾಯಿತಿ ಸ್ವತ್ತುಗಳ ಆನ್‌ಲೈನ್ ದಾಖಲೆ) ನಮೂನೆ 9 ಮತ್ತು 11ಎ, ನಿಮ್ಮ ಹೆಸರಿಗೆ ಕ್ರಯ, ಕಡೆಗೆ ಪಂಚಾಯಿತಿಯಿಂದ ಕಟ್ಟಡ ಪರವಾನಗಿ. ಮಡಿಕೇರಿ, ಕುಶಾಲನಗರದಂಥ ಕಡೆ ನಗರಾಭಿವೃದ್ಧಿ ಪ್ರಾಧಿಕಾರದ ವ್ಯಾಪ್ತಿಗೆ ಬಂದರೆ ನಕ್ಷೆ ಅಲ್ಲಿಗೆ ಹೋಗುತ್ತದೆ. ಅದರ ಹೊರಗಿನ ಗ್ರಾಮಗಳಿಗೆ ಜಿಲ್ಲೆಯ ನಗರ ಮತ್ತು ಗ್ರಾಮಾಂತರ ಯೋಜನಾ ಕಚೇರಿಯ ತಾಂತ್ರಿಕ ಒಪ್ಪಿಗೆ ಬೇಕು. ಪಂಚಾಯಿತಿ ಅಧ್ಯಕ್ಷರೋ ಪಿಡಿಒ ಅವರೋ "ಆಗ್ತದೆ ಬಿಡಿ" ಎಂದು ಬಾಯಲ್ಲಿ ಹೇಳಿದ್ದಕ್ಕೆ ಬೆಲೆ ಇಲ್ಲ, ಬಡಾವಣೆ ಒಪ್ಪುವ ಅಧಿಕಾರ ಅವರೊಬ್ಬರ ಕೈಯಲ್ಲಿಲ್ಲ.

11ಬಿ ಬಗ್ಗೆ ಬ್ರೋಕರ್ ಹೇಳುವುದರಲ್ಲಿ ಅರ್ಧ ಸತ್ಯ ಇದೆ. ಅದು ಸಿಗಬಹುದು. ಆದರೆ ಪರಿವರ್ತನೆಯೋ ನಕ್ಷೆಯೋ ಇಲ್ಲದ ಸ್ವತ್ತಿನಿಂದ ತೆರಿಗೆ ವಸೂಲಿ ಮಾಡಲು ಇಟ್ಟ ವಹಿ ಅದು. ತೆರಿಗೆ ಕಟ್ಟಿದ ಮಾತ್ರಕ್ಕೆ ಬಡಾವಣೆ ಸಕ್ರಮ ಆಗುವುದಿಲ್ಲ. ಬ್ಯಾಂಕಿನ ಪ್ಯಾನೆಲ್ ವಕೀಲರು 11ಬಿ ನೋಡಿದ ಕೂಡಲೇ ಗೃಹಸಾಲದ ಕಡತ ಪಕ್ಕಕ್ಕಿಡುತ್ತಾರೆ.

"ಪ್ರತಿಯೊಂದಕ್ಕೂ 11ಇ ನಕ್ಷೆ ಮಾಡಿಸಿ ಕೊಡ್ತೇವೆ" ಎಂದೂ ಹೇಳುತ್ತಾರೆ. 11ಇ ಎಂದರೆ ಸರ್ವೆ ನಂಬರಿನ ಒಂದು ಭಾಗ ಮಾರುವಾಗ ಆ ಭಾಗವನ್ನು ಅಳೆದು ಗುರುತಿಸುವ ನಕ್ಷೆ. ಅದರಿಂದ ನಿಮಗೆ ಸಿಗುವುದು 15 ಸೆಂಟ್ ಕೃಷಿ ಜಮೀನು, ನಿವೇಶನ ಅಲ್ಲ. ಕೊಂಡ ಮೇಲೆ ನೀವೊಬ್ಬರೇ ಕನ್ವರ್ಷನ್‌ಗೆ ಅರ್ಜಿ ಹಾಕಿದರೆ ಮೊದಲು ಬರುವ ಪ್ರಶ್ನೆ ಸಂಪರ್ಕ ರಸ್ತೆಯದು, ಮೇಲಿನ ಲೆಕ್ಕದ ಪ್ರಕಾರ ಅದು ನಿಮ್ಮಲ್ಲಿಲ್ಲ. ನಿಗದಿತ ಅವಧಿಯಲ್ಲಿ ಆದೇಶ ಬರದಿದ್ದರೆ ಪರಿವರ್ತನೆ ಆದಂತೆಯೇ ಎನ್ನುವ ಉಪಕಲಂ ನಿಜವಾಗಿಯೂ ಇದೆ, ಆದರೆ ಅರ್ಜಿಯಲ್ಲಿ ಕೊರತೆ ಇದ್ದರೆ ಅಷ್ಟರೊಳಗೆ ತಿರಸ್ಕಾರದ ಹಿಂಬರಹ ಕೈಗೆ ಬಂದಿರುತ್ತದೆ.

ತೋಟದ ಮನೆ ಎಂಬ ದಾರಿಯನ್ನೂ ತೋರಿಸಬಹುದು. ಕೃಷಿ ಜಮೀನಿನಲ್ಲಿ ಬೇಸಾಯಕ್ಕೆ ಬೇಕಾದ ಮನೆಗೆ ಪರಿವರ್ತನೆ ಬೇಡ, ಹೌದು. ಆದರೆ ಅದು ಹಿಡುವಳಿಯ ಶೇ 10 ಮೀರಬಾರದು. ಒಂದು ಸೆಂಟ್ 435.6 ಚದರ ಅಡಿ. 15 ಸೆಂಟಿನ ಶೇ 10 ಅಂದರೆ ಸುಮಾರು 650 ಚದರ ಅಡಿ. ಅದರಲ್ಲಿ ಹೋಂಸ್ಟೇ ನಡೆಸುವ ಯೋಚನೆ ಇದ್ದರೆ ಅದು ಬೇಸಾಯದ ಮನೆಯಾಗಿ ಉಳಿಯುವುದಿಲ್ಲ.

ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನೋಂದಣಿ ಸಂಖ್ಯೆ ಕೇಳಿ. 500 ಚದರ ಮೀಟರ್, ಅಂದರೆ ಹನ್ನೆರಡು ಸೆಂಟಿಗೆ ಸ್ವಲ್ಪ ಹೆಚ್ಚು, ಮೀರಿದ ಜಾಗದಲ್ಲಿ ಎಂಟಕ್ಕಿಂತ ಹೆಚ್ಚು ನಿವೇಶನ ಮಾಡಿ ಮಾರುವವರು ನೋಂದಾಯಿಸಲೇಬೇಕು. ಇಲ್ಲಿ ಎರಡೂ ಮೀರಿದೆ. ಸಂಖ್ಯೆ ಇಲ್ಲ ಎಂದರೆ "ಇದು ಲೇಔಟ್ ಅಲ್ಲ, ತೋಟ" ಎನ್ನುತ್ತಾರೆ. ಹಾಗಾದರೆ ಜಾಹೀರಾತಿನಲ್ಲಿ ಸೈಟ್ ಎಂದು ಯಾಕೆ ಹಾಕಿದಿರಿ ಎಂದು ಕೇಳಿ ನೋಡಿ.

ಪಶ್ಚಿಮ ಘಟ್ಟದ ಪರಿಸರ ಸೂಕ್ಷ್ಮ ಪ್ರದೇಶದ ಬಗ್ಗೆ ಕೇಂದ್ರದ ಕರಡು ಅಧಿಸೂಚನೆಯನ್ನು ಮುಂದಿಟ್ಟು "ಇನ್ನು ಮುಂದೆ ಮನೆ ಕಟ್ಟೋಕೆ ಬಿಡಲ್ಲ, ಈಗಲೇ ತಗೊಳ್ಳಿ" ಎಂದು ಅವಸರ ಮಾಡುವವರೂ ಇದ್ದಾರೆ. 2024ರ ಜುಲೈ ಕರಡಿನ ನಿಷೇಧ ಇರುವುದು 20,000 ಚದರ ಮೀಟರ್ ಮೇಲ್ಪಟ್ಟ ಕಟ್ಟಡಗಳಿಗೆ ಮತ್ತು 50 ಹೆಕ್ಟೇರ್ ಮೇಲ್ಪಟ್ಟ ಟೌನ್‌ಶಿಪ್‌ಗಳಿಗೆ. ಒಂದು ಸಾಮಾನ್ಯ ಮನೆಗೆ ಅದರಿಂದ ತೊಂದರೆ ಇಲ್ಲ.

ಕಾಗದ ಎಲ್ಲ ಸರಿ ಇದ್ದರೂ ನೆಲ ಸರಿ ಇರಬೇಕಲ್ಲ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಹಟ್ಟಿಹೊಳೆ, ಮಾದಾಪುರ, ಜೋಡುಪಾಲ ಕಡೆ ಗುಡ್ಡಗಳು ಜರಿದವು. ವಿಪರೀತ ಮಳೆಯ ಜೊತೆಗೆ ಮನೆಗೂ ರಸ್ತೆಗೂ ಇಳಿಜಾರನ್ನು ಕಡಿದು ನೀರಿನ ದಾರಿ ತಪ್ಪಿಸಿದ್ದೂ ಕಾರಣ ಎಂದು ಭೂವಿಜ್ಞಾನಿಗಳು ಹೇಳಿದರು. ನಿಮ್ಮ ತುಂಡಿನಲ್ಲಿ ಜೆಸಿಬಿ ಈಗಾಗಲೇ ಸಮತಟ್ಟು ಮಾಡಿದ್ದರೆ ಹತ್ತಿರದಿಂದ ನೋಡಿ. ಒಳಬದಿಯಲ್ಲಿ ಕಡಿದ ಬರೆ (ಮಣ್ಣಿನ ಗೋಡೆ), ಹೊರಬದಿಯಲ್ಲಿ ಅದೇ ಮಣ್ಣು ತಳ್ಳಿ ಮಾಡಿದ ಅಂಗಳ. ಆ ಅಂಗಳದ ಮಣ್ಣಿನಲ್ಲಿ ಕಾಫಿ ಬೇರು, ತರಗೆಲೆ, ಸಿಲ್ವರ್ ಓಕ್ ತುಂಡು ಎಲ್ಲ ಬೆರೆತಿರುತ್ತದೆ. ಅರ್ಧ ಮನೆ ಕಡಿದ ಗಟ್ಟಿ ನೆಲದ ಮೇಲೆ, ಅರ್ಧ ಈ ತುಂಬಿದ ಮಣ್ಣಿನ ಮೇಲೆ ಬಂದರೆ ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಗೋಡೆ ಓರೆಯಾಗಿ ಬಿರುಕು ಬಿಡುತ್ತದೆ. ಪಾಯ ತುಂಬುಮಣ್ಣು ದಾಟಿ ಹಳೆಯ ನೆಲ ಮುಟ್ಟಲೇಬೇಕು.

ಇಳಿಜಾರು ಅಳೆಯಲು ಎಂಜಿನಿಯರೇ ಬೇಕೆಂದಿಲ್ಲ, ಮೇಸ್ತ್ರಿಯ ಲೆವೆಲ್ ಪೈಪ್ ಸಾಕು. ಮೂರು ಅಡಿ ಮುಂದೆ ಹೋದಾಗ ಒಂದು ಅಡಿ ಇಳಿದರೆ ಸುಮಾರು 18 ಡಿಗ್ರಿ, ಎರಡಕ್ಕೆ ಒಂದು ಇಳಿದರೆ 26ರ ಮೇಲೆ. ಎರಡನೆಯ ಥರದ ಜಾಗದಲ್ಲಿ ಮನೆ ಬೇಡ ಎನ್ನುವುದು ನನ್ನ ಅಭಿಪ್ರಾಯ, ಬೆಲೆ ಎಷ್ಟೇ ಇಳಿಸಲಿ. ಜುಲೈ ಕೊನೆಗೆ ಒಮ್ಮೆ ಹೋಗಿ ನೋಡಿ. ಬರೆಯಿಂದ ಒರತೆ ಒಸರುತ್ತಿದೆಯಾ, ಮೇಲ್ಭಾಗದಲ್ಲಿ ನೆಲ ಸೀಳಿದೆಯಾ, ಕರೆಂಟ್ ಕಂಬ ವಾಲಿದೆಯಾ, ಪಕ್ಕದಲ್ಲಿ ಮುಚ್ಚಿದ ಕೊಲ್ಲಿ (ಗುಡ್ಡದ ತೊರೆ) ಇದೆಯಾ? ಉಪಗ್ರಹ ಚಿತ್ರದಲ್ಲಿ 2018ರ ನಂತರದ ವರ್ಷಗಳನ್ನು ಹಿಂದೆ ಮುಂದೆ ಮಾಡಿದರೆ ಜರಿದ ಜಾಗದ ಕೆಂಪು ಗೆರೆ ಕಾಣುತ್ತದೆ. ತಡೆಗೋಡೆ ಕಟ್ಟಿದ್ದರೆ ಅದರಲ್ಲಿ ನೀರು ಹೊರಬರುವ ಪೈಪ್‌ಗಳು ಒಂದೂವರೆ ಮೀಟರ್‌ಗೆ ಒಂದರಂತಾದರೂ ಇರಬೇಕು, ಹಿಂದೆ ಜಲ್ಲಿ ತುಂಬಿರಬೇಕು. ಪೈಪ್ ಇಲ್ಲದ ಗೋಡೆ ಹಿಂದೆ ನೀರು ಕಟ್ಟಿಕೊಂಡು ಒಂದೇ ಏಟಿಗೆ ಮಗುಚುತ್ತದೆ. ಕಡಿದಾದ ಜಾಗದಲ್ಲಿ ಮನೆಯ ಮೇಲ್ಬದಿ ಇಂಗುಗುಂಡಿ ತೆಗೆಸಬೇಡಿ. ಬಯಲುಸೀಮೆಯಲ್ಲಿ ಒಳ್ಳೆಯದಾದ ಕೆಲಸ ಇಲ್ಲಿ ಗುಡ್ಡಕ್ಕೆ ನೀರು ಕುಡಿಸಿದಂತೆ.

ಇಷ್ಟಾದ ಮೇಲೂ ಜಾಗ ಮನಸ್ಸಿಗೆ ಹಿಡಿದಿದ್ದರೆ ಕ್ರಯಪತ್ರಕ್ಕೆ ಹೋಗದೆ ಕರಾರುಪತ್ರ ಮಾಡಿ, ಅದನ್ನು ನೋಂದಾಯಿಸಿ. ಪಾಲುದಾರರೆಲ್ಲರ ಸಹಿ ಅದರಲ್ಲೇ ಇರಲಿ. ಪೋಡಿ, ಪರಿವರ್ತನೆ ಆದೇಶ, ಅನುಮೋದಿತ ನಕ್ಷೆ, ನಮೂನೆ 9 ಇವಿಷ್ಟನ್ನು ಮಾರುವವರೇ ತಮ್ಮ ಖರ್ಚಿನಲ್ಲಿ ಇಂಥ ತಾರೀಖಿನೊಳಗೆ ಮಾಡಿಸಬೇಕು, ಆಗದಿದ್ದರೆ ಮುಂಗಡ ಪೂರ್ತಿ ವಾಪಸ್ ಎಂದು ಬರೆಸಿ. ಮುಂಗಡ ಶೇ 10 ಮೀರದಿರಲಿ. ಸಕ್ರಮ ನಿವೇಶನಕ್ಕೆ ಸೆಂಟಿನ ಬೆಲೆ ಈಗಿನದಕ್ಕಿಂತ ಜಾಸ್ತಿ ಕೇಳುತ್ತಾರೆ. ಮೇಲಿನ ರಸ್ತೆ ಲೆಕ್ಕ ನೋಡಿದರೆ ಆ ಹೆಚ್ಚಳ ನ್ಯಾಯವೇ, ಅದರಲ್ಲಿ ತೀರಾ ಚೌಕಾಸಿ ಮಾಡಬೇಡಿ.