ಪ್ರ: ಬೆಂಗಳೂರಿನ ಬಸವನಗುಡಿಯಲ್ಲಿ ಹೋಟೆಲಿಂದ ಹೋಟೆಲಿಗೆ ತಿಂಡಿ ರುಚಿ ನೋಡ್ತಾ ಸುತ್ತೋಣ ಅಂತ ಆರು ಜನ ಹೋಗಿದ್ವಿ, ಎರಡನೇ ಹೋಟೆಲಿಗೇ ಹೊಟ್ಟೆ ತುಂಬಿತು. ಮುಂದಿನ ಸಲ ಹೇಗೆ ಹೋಗೋದು?

ಉ: ತಲಾ ಒಂದು ಮಸಾಲೆ ದೋಸೆ ತಗೊಂಡಿದ್ದೇ ಕಾರಣ ಇರಬೇಕು. ಭಾನುವಾರ ಹತ್ತು ಗಂಟೆಗೆ ಹೋಗಿದ್ದರಿಂದ ಕಾಯೋದೂ ಜಾಸ್ತಿ ಆಗಿದೆ.

ಈ ಸಲ ಶನಿವಾರ ಹೋಗಿ. ಭಾನುವಾರ ಬ್ರಾಹ್ಮಿನ್ಸ್ ಕಾಫಿ ಬಾರ್‌ಗೆ ರಜೆ, ಶುಕ್ರವಾರ ವಿದ್ಯಾರ್ಥಿ ಭವನ ಹೋಟೆಲಿಗೆ ರಜೆ. ರಜೆಯ ದಿನ ಬದಲಾಗಿರಲೂಬಹುದು, ಹೊರಡುವ ಮುಂಚೆ ಒಮ್ಮೆ ನೋಡಿಕೊಳ್ಳಿ.

ಬಾಗಿಲು ತೆಗೆಯುವ ಹೊತ್ತಿಗೇ ವಿದ್ಯಾರ್ಥಿ ಭವನದಲ್ಲಿರಿ. ಆರು ಜನಕ್ಕೆ ಒಂದೇ ಟೇಬಲ್ ಬೇಕು ಅಂತ ಹಟ ಬೇಡ, ಇಬ್ಬಿಬ್ಬರಾಗಿ ಕೂತುಬಿಡಿ. ಇಬ್ಬರಿಗೆ ಒಂದೇ ದೋಸೆ. ತುಪ್ಪದಲ್ಲಿ ಕೆಂಪಗೆ ಗರಿಗರಿ, ಒಳಗೆ ಮೆತ್ತಗೆ, ಮೇಲೆ ನೀರು ಚಟ್ನಿ. ಅಷ್ಟು ಸಾಕು. ಕಾಫಿ ಅಲ್ಲಿ ಬೇಡ.

ಆಮೇಲೆ ಗಾಂಧಿ ಬಜಾರಿನಲ್ಲಿ ನಿಧಾನವಾಗಿ ಸುತ್ತಿ, ಶಂಕರಪುರಕ್ಕೆ ನಡೆದೇ ಹೋಗಿ. ಆ ನಡಿಗೆಯಲ್ಲೇ ಮತ್ತೆ ಹಸಿವಾಗೋದು! 1965ರಿಂದ ಇರುವ ಬ್ರಾಹ್ಮಿನ್ಸ್‌ನಲ್ಲಿ ನಿಂತೇ ತಿನ್ನಬೇಕು. ಸಾಂಬಾರ್ ಇಲ್ಲ, ಚಟ್ನಿ ಕೇಳಿದಷ್ಟು ಹಾಕ್ತಾರೆ. ಇಡ್ಲಿ-ವಡೆ, ಖಾರಾಬಾತ್, ಕೇಸರಿಬಾತ್ ಒಂದೆರಡು ಪ್ಲೇಟ್ ತಗೊಂಡು ಹಂಚಿಕೊಳ್ಳಿ. ಕಾಫಿ ಇಲ್ಲಿ ಕುಡಿಯಿರಿ.

ಮೂರನೇ ಜಾಗವನ್ನು ಬೆಳಿಗ್ಗೆಗೇ ತುರುಕಬೇಡಿ. ವಿ.ವಿ. ಪುರಂ ತಿಂಡಿ ಬೀದಿ ಹೇಗೂ ಸಂಜೆಯೇ ಚೆನ್ನ, ಅಲ್ವಾ? ಅದನ್ನು ಸಂಜೆಗೆ ಇಟ್ಟುಕೊಳ್ಳಿ.