ಓದುಗರ ಪ್ರಶ್ನೆ: ಐದು ಪಂದ್ಯ ಸೋತವರು ಚಾಂಪಿಯನ್ ಆದದ್ದು ಹೇಗೆ?

ಪ್ರಶ್ನೆ: ಅಮೆರಿಕದ ಕಾಲೇಜು ಫುಟ್‌ಬಾಲನ್ನು 2025ರ ಋತುವಿನಿಂದ ನೋಡತೊಡಗಿದ್ದೇನೆ. ಎಸಿಸಿ ಎಂಬ ಕಾನ್ಫರೆನ್ಸ್‌ನಲ್ಲಿ, ಅಂದರೆ ತಂಡಗಳ ಒಕ್ಕೂಟದಲ್ಲಿ, ಐದು ಪಂದ್ಯ ಸೋತಿದ್ದ ಡ್ಯೂಕ್ ಚಾಂಪಿಯನ್ ಆಯಿತು. ಎರಡನ್ನೇ ಸೋತಿದ್ದ ಮಯಾಮಿ ಅದರ ಫೈನಲ್ಲಿಗೂ ಬರಲಿಲ್ಲ. ಆದರೆ ರಾಷ್ಟ್ರೀಯ ಪ್ಲೇಆಫ್‌ಗೆ ಹೋದದ್ದು ಮಯಾಮಿ, ಹೊರಗುಳಿದದ್ದು ಡ್ಯೂಕ್. ಇದು ಯಾವ ಲೆಕ್ಕ?

ಉತ್ತರ: ಲೆಕ್ಕ ಒಂದಲ್ಲ, ಎರಡು, ಗೊಂದಲಕ್ಕೆ ಕಾರಣವೂ ಅದೇ. ಕಾನ್ಫರೆನ್ಸ್ ಫೈನಲ್ಲಿಗೆ ಯಾರು ಎಂಬುದನ್ನು ಋತು ಆರಂಭವಾಗುವ ಮೊದಲೇ ಬರೆದಿಟ್ಟ ನಿಯಮಗಳು ನಿರ್ಧರಿಸುತ್ತವೆ. 2025ರ ಎಸಿಸಿಯಲ್ಲಿ ಯಾರ ಅಭಿಪ್ರಾಯಕ್ಕೂ ಎಡೆಯಿರಲಿಲ್ಲ. ರಾಷ್ಟ್ರೀಯ ಚಾಂಪಿಯನ್ ಯಾರೆಂದು ನಿರ್ಧರಿಸುವ ಪ್ಲೇಆಫ್‌ಗೆ ಯಾರು ಎಂಬುದನ್ನು 13 ಸದಸ್ಯರ ಆಯ್ಕೆ ಸಮಿತಿ ಚರ್ಚಿಸಿ, ಮತ ಹಾಕಿ ತೀರ್ಮಾನಿಸುತ್ತದೆ.

ಮೊದಲು ಡ್ಯೂಕ್ ವಿಷಯ. ಎಸಿಸಿಯಲ್ಲಿ ಫುಟ್‌ಬಾಲ್ ಆಡುವ ತಂಡಗಳು 17. ಆದರೆ ಆ ಋತುವಿನಲ್ಲಿ ಪ್ರತಿ ತಂಡವೂ ಆಡಿದ ಕಾನ್ಫರೆನ್ಸ್ ಪಂದ್ಯಗಳು ಎಂಟೇ. ಅಂದರೆ ಒಂದೇ ಪಟ್ಟಿಯಲ್ಲಿ ಅಕ್ಕಪಕ್ಕ ನಿಂತ ಎಷ್ಟೋ ತಂಡಗಳು ಪರಸ್ಪರರ ಮುಖವನ್ನೇ ನೋಡಿರುವುದಿಲ್ಲ. 2025ರಲ್ಲಿ ವರ್ಜೀನಿಯಾ ಏಳು ಗೆದ್ದು ಒಂದು ಸೋತು ಮೊದಲ ಸ್ಥಾನ ಪಡೆಯಿತು. ಕೊನೆಯ ಶನಿವಾರ ಎಸ್‌ಎಂಯು ತಂಡ ಕ್ಯಾಲಿಫೋರ್ನಿಯಾಕ್ಕೆ ಸೋತದ್ದರಿಂದ ಡ್ಯೂಕ್, ಮಯಾಮಿ, ಜಾರ್ಜಿಯಾ ಟೆಕ್, ಪಿಟ್ಸ್‌ಬರ್ಗ್ ಮತ್ತು ಎಸ್‌ಎಂಯು, ಈ ಐದೂ ಆರು ಗೆಲುವು, ಎರಡು ಸೋಲಿನೊಂದಿಗೆ ಎರಡನೆಯ ಸ್ಥಾನದಲ್ಲಿ ಸಮವಾದವು. ಐವರ ನಡುವೆ ಎಲ್ಲ ಮುಖಾಮುಖಿಗಳೂ ನಡೆದಿದ್ದರೆ ಆ ಫಲಿತಾಂಶಗಳಿಂದಲೇ ಬಿಡಿಸಬಹುದಿತ್ತು. ನಡೆದಿರಲಿಲ್ಲ: ಉಳಿದ ನಾಲ್ವರ ಪೈಕಿ ಡ್ಯೂಕ್ ಎದುರಿಸಿದ್ದು ಜಾರ್ಜಿಯಾ ಟೆಕ್ ಒಂದನ್ನೇ, ಅದಕ್ಕೂ ಸೋತಿತ್ತು. ಮುಂದಿನ ಹಂತಗಳಲ್ಲಿ ಎಲ್ಲರೂ ಎದುರಿಸಿದ ಅದೇ ಎದುರಾಳಿಗಳ ವಿರುದ್ಧದ ಸಾಧನೆಯನ್ನು ನೋಡಿದರು. ಅಲ್ಲಿಯೂ ಗಂಟು ಬಿಡಲಿಲ್ಲ. ಕೊನೆಗೆ ತೀರ್ಪು ನೀಡಿದ್ದು, ಪ್ರತಿ ತಂಡ ಎದುರಿಸಿದ ಕಾನ್ಫರೆನ್ಸ್ ಎದುರಾಳಿಗಳ ಒಟ್ಟು ಗೆಲುವಿನ ಪ್ರಮಾಣ. ಸರಳವಾಗಿ ಹೇಳುವುದಾದರೆ, ಹೆಚ್ಚು ಗೆದ್ದವರನ್ನು ಎದುರಿಸಿ ಆರು ಗೆಲುವು ಸಂಪಾದಿಸಿದವರು ಮುಂದೆ. ಈ ಅಳತೆಯಲ್ಲಿ ಡ್ಯೂಕ್ ಮೇಲೆ ಬಂತು.

ಡ್ಯೂಕ್‌ನ ಇನ್ನುಳಿದ ಮೂರು ಸೋಲುಗಳು ಇಲಿನಾಯ್, ಟುಲೇನ್ ಮತ್ತು ಕನೆಕ್ಟಿಕಟ್ ವಿರುದ್ಧ ಬಂದವು. ಇವು ಕಾನ್ಫರೆನ್ಸ್ ಹೊರಗಿನ ಪಂದ್ಯಗಳಾದ್ದರಿಂದ ಸಮಬಲ ಬಿಡಿಸುವ ಈ ನಿಯಮ, ಅಂದರೆ ಟೈಬ್ರೇಕರ್, ಅವುಗಳತ್ತ ಕಣ್ಣೆತ್ತಿಯೂ ನೋಡಲಿಲ್ಲ. (ಇದರಲ್ಲೊಂದು ತಮಾಷೆಯೂ ಇದೆ. ಅದೇ ಋತುವಿನಲ್ಲಿ ವರ್ಜೀನಿಯಾ ಮತ್ತು ನಾರ್ತ್ ಕ್ಯಾರೊಲಿನಾ ಸ್ಟೇಟ್, ಎರಡೂ ಎಸಿಸಿ ಸದಸ್ಯರೇ ಆಗಿದ್ದರೂ, ತಮ್ಮ ಪಂದ್ಯವನ್ನು ಕಾನ್ಫರೆನ್ಸ್ ಹೊರಗಿನ ಪಂದ್ಯವಾಗಿ ಆಡಿದವು. ವರ್ಜೀನಿಯಾ ಸೋತಿತು, ಆ ಸೋಲು ಪಟ್ಟಿಗೆ ಸೇರಲೇ ಇಲ್ಲ.) ನವೆಂಬರ್‌ನಲ್ಲಿ ವರ್ಜೀನಿಯಾಕ್ಕೆ 34-17ರಿಂದ ಸೋತಿದ್ದ ಡ್ಯೂಕ್, ಫೈನಲ್‌ನಲ್ಲಿ ಅದೇ ತಂಡವನ್ನು ಹೆಚ್ಚುವರಿ ಅವಧಿಯಲ್ಲಿ 27-20ರಿಂದ ಮಣಿಸಿ ಪ್ರಶಸ್ತಿ ಎತ್ತಿತು.

ಇನ್ನು ಪ್ಲೇಆಫ್. 2025ರಲ್ಲಿ 12 ಸ್ಥಾನಗಳಲ್ಲಿ ಐದು ಕಾನ್ಫರೆನ್ಸ್ ಚಾಂಪಿಯನ್ನರಿಗೆ ಮೀಸಲಾಗಿದ್ದವು. ಆದರೆ ಇಂಥ ಕಾನ್ಫರೆನ್ಸ್‌ನ ಚಾಂಪಿಯನ್‌ಗೆ ಎಂದು ಆ ವರ್ಷದ ನಿಯಮದಲ್ಲಿ ಎಲ್ಲಿಯೂ ಇರಲಿಲ್ಲ. ಸಮಿತಿಯ ರ್‍ಯಾಂಕಿಂಗ್‌ನಲ್ಲಿ ಅತಿ ಮೇಲಿದ್ದ ಐವರು ಚಾಂಪಿಯನ್ನರು, ಅಷ್ಟೆ. ಹೊರಗಿನ ಸೋಲುಗಳನ್ನೂ ಎಣಿಸುವ ಸಮಿತಿ ಡ್ಯೂಕ್‌ಗೆ ಮೊದಲ 25ರಲ್ಲಿ ಜಾಗ ಕೊಡಲಿಲ್ಲ. ಇಂಡಿಯಾನಾ, ಜಾರ್ಜಿಯಾ ಮತ್ತು ಟೆಕ್ಸಾಸ್ ಟೆಕ್ ಜೊತೆಗೆ ಒಳಗೆ ಬಂದವರು ಸಣ್ಣ ಕಾನ್ಫರೆನ್ಸ್‌ಗಳ ಚಾಂಪಿಯನ್ನರಾದ ಟುಲೇನ್ ಮತ್ತು ಜೇಮ್ಸ್ ಮ್ಯಾಡಿಸನ್. ಹೌದು, ಡ್ಯೂಕನ್ನು ಸೋಲಿಸಿದ್ದ ಅದೇ ಟುಲೇನ್! ಟೈಬ್ರೇಕರ್ ಮರೆತಿದ್ದ ಪಂದ್ಯ ಕೊನೆಯಲ್ಲಿ ಹೀಗೆ ಬಡ್ಡಿ ಸಮೇತ ವಸೂಲಿಗೆ ಬಂತು. ಮಯಾಮಿಗೆ ಸಿಕ್ಕಿದ್ದು ಉಳಿದ ಏಳು ಮುಕ್ತ ಸ್ಥಾನಗಳಲ್ಲಿ ಒಂದು.

ಪ್ರಶ್ನೆ: ಇಷ್ಟೆಲ್ಲ ಗೋಜಲು ಏಕೆ? ಪರಸ್ಪರ ಆಡಿದಾಗ ಗೆದ್ದವರು ಮುಂದೆ ಎಂದರೆ ಸಾಲದೇ?

ಉತ್ತರ: ಇಬ್ಬರೇ ಇದ್ದರೆ ಸಾಕು, ನಿಯಮವೂ ಮೊದಲ ಹೆಜ್ಜೆಯಲ್ಲಿ ಅದನ್ನೇ ಹೇಳುತ್ತದೆ. ಮೂವರಾದರೆ ಏನಾಗಬಹುದು ಎಂಬುದಕ್ಕೆ 2008ರ ಬಿಗ್ ಟ್ವೆಲ್ವ್ ಕಾನ್ಫರೆನ್ಸ್‌ನ ದಕ್ಷಿಣ ವಿಭಾಗವನ್ನು ನೋಡಿ. ಡಲ್ಲಾಸ್‌ನಲ್ಲಿ ಟೆಕ್ಸಾಸ್ ತಂಡ ಒಕ್ಲಹೋಮವನ್ನು 45-35ರಿಂದ ಸೋಲಿಸಿತು. ಮೂರು ವಾರಗಳ ನಂತರ ಟೆಕ್ಸಾಸ್ ಟೆಕ್, ಗಡಿಯಾರದಲ್ಲಿ ಒಂದೇ ಸೆಕೆಂಡ್ ಉಳಿದಿದ್ದಾಗ ಟಚ್‌ಡೌನ್ ಗಳಿಸಿ, ಟೆಕ್ಸಾಸನ್ನು 39-33ರಿಂದ ಕೆಡವಿತು. ಅದೇ ಟೆಕ್ಸಾಸ್ ಟೆಕ್ ಮುಂದೆ ಒಕ್ಲಹೋಮ ಕೈಯಲ್ಲಿ 65-21ರಿಂದ ಜಜ್ಜಿಹೋಯಿತು. ಮೂವರಿಗೂ ಕಾನ್ಫರೆನ್ಸ್‌ನಲ್ಲಿ ಏಳು ಗೆಲುವು, ಒಂದು ಸೋಲು. ಯಾರನ್ನು ಮುಂದಿಟ್ಟರೂ ಅವರನ್ನು ಸೋಲಿಸಿದವರೊಬ್ಬರು ಹಿಂದಿನಿಂದ ಕೂಗುತ್ತಾರೆ. ಇದು ತಲೆಬುಡವಿಲ್ಲದ ಚಕ್ರ. ಆಗಿನ ನಿಯಮದ ಪ್ರಕಾರ ಬಿಸಿಎಸ್ ಎಂಬ ರಾಷ್ಟ್ರೀಯ ಶ್ರೇಯಾಂಕದಲ್ಲಿ ಮೇಲಿದ್ದವರಿಗೆ ಕಾನ್ಫರೆನ್ಸ್ ಫೈನಲ್ ದಕ್ಕಬೇಕಿತ್ತು. ಮತದಾನ ಮತ್ತು ಗಣಕಯಂತ್ರದ ಲೆಕ್ಕಗಳನ್ನು ಬೆರೆಸಿ ತಯಾರಾಗುತ್ತಿದ್ದ ಆ ಪಟ್ಟಿಯಲ್ಲಿ ಒಕ್ಲಹೋಮ ಕೂದಲೆಳೆಯಷ್ಟು ಮುಂದಿತ್ತು. ಅದು ಅಲ್ಲಿ ಮಿಸೌರಿಯನ್ನು ಸೋಲಿಸಿ ರಾಷ್ಟ್ರೀಯ ಫೈನಲ್ ತಲುಪಿತು, ಫ್ಲಾರಿಡಾಕ್ಕೆ 24-14ರಿಂದ ಸೋತಿತು. ಒಕ್ಲಹೋಮವನ್ನು ನೇರವಾಗಿ ಮಣಿಸಿದ್ದ ಟೆಕ್ಸಾಸ್ ಎರಡೂ ಫೈನಲ್‌ಗಳನ್ನು ದೂರದಿಂದ ನೋಡಬೇಕಾಯಿತು. ಕಾನ್ಫರೆನ್ಸ್ ಒಳಗಿನ ಜಗಳವನ್ನು ಹೊರಗಿನ ಮತದಾರರ ಕೈಗೆ ಒಪ್ಪಿಸಿದ್ದು ತಪ್ಪು ಎಂಬುದು ನನ್ನ ಖಚಿತ ಅಭಿಪ್ರಾಯ. ಡ್ಯೂಕ್ ಪ್ರಕರಣ ಎಷ್ಟೇ ವಿಚಿತ್ರವಾಗಿ ಕಂಡರೂ ಅಲ್ಲಿ ತೀರ್ಪಿನ ಆಧಾರ ಮೈದಾನದ ಫಲಿತಾಂಶಗಳೇ ಆಗಿದ್ದವು.

ಪ್ರಶ್ನೆ: ಎಲ್ಲ ಹಂತ ದಾಟಿಯೂ ಸಮವಾಗಿಯೇ ಉಳಿದರೆ?

ಉತ್ತರ: ಚೀಟಿ ಎತ್ತುತ್ತಾರೆ. ಎಸ್‌ಇಸಿ ಕಾನ್ಫರೆನ್ಸ್ ಅದಕ್ಕೆ ಮೊದಲು ಅಂಕಗಳ ಅಂತರವನ್ನು ನೋಡುತ್ತದೆ, ಆದರೆ ಅದಕ್ಕೊಂದು ಮಿತಿ ಹಾಕಿದೆ. ಕ್ರಿಕೆಟ್‌ನ ನೆಟ್ ರನ್ ರೇಟ್ ಬಲ್ಲವರಿಗೆ ಕಾರಣ ಹೊಳೆಯುತ್ತದೆ: ಮಿತಿಯಿಲ್ಲದಿದ್ದರೆ ದುರ್ಬಲ ತಂಡ ಸಿಕ್ಕಿದಾಗ ಅದರ ಮೇಲೆ ಅಂಕ ಸುರಿಯುವುದೇ ಲಾಭವಾಗುತ್ತದೆ.

ಪ್ರಶ್ನೆ: ಫುಟ್‌ಬಾಲ್‌ನಲ್ಲಿ ಯಾವ ಕಾನ್ಫರೆನ್ಸ್‌ಗೂ ಸೇರದ ನಾಟರ್ ಡೇಮ್ ಕೊನೆಯ ವಾರ ಆಡಲೇ ಇಲ್ಲ. ಆದರೂ ಮಯಾಮಿಗಿಂತ ಮೇಲಿದ್ದ ತಂಡ ಕೆಳಗಿಳಿದದ್ದು ಹೇಗೆ?

ಉತ್ತರ: ಎರಡೂ ತಂಡಗಳು ಹತ್ತು ಗೆದ್ದು ಎರಡು ಸೋತಿದ್ದವು, ಆಗಸ್ಟ್ 31ರಂದು ಮಯಾಮಿ ನಾಟರ್ ಡೇಮನ್ನು 27-24ರಿಂದ ಸೋಲಿಸಿತ್ತು. ಆದರೂ ವಾರಗಟ್ಟಲೆ ನಾಟರ್ ಡೇಮ್ ಮೇಲಿತ್ತು, ಏಕೆಂದರೆ ಸಮಿತಿ ಮುಖಾಮುಖಿ ಫಲಿತಾಂಶವನ್ನು ತೂಗುವುದು ಎರಡು ತಂಡಗಳು ಹೆಚ್ಚುಕಡಿಮೆ ಸರಿಸಮ ಎನಿಸಿದಾಗ ಮಾತ್ರ. ಕೊನೆಯ ವಾರದ ಮೊದಲು ನಾಟರ್ ಡೇಮ್ 10ರಲ್ಲಿ, ಬಿವೈಯು 11ರಲ್ಲಿ, ಮಯಾಮಿ 12ರಲ್ಲಿ ಇದ್ದವು. ಬಿಗ್ ಟ್ವೆಲ್ವ್ ಫೈನಲ್‌ನಲ್ಲಿ ಬಿವೈಯು ಟೆಕ್ಸಾಸ್ ಟೆಕ್‌ಗೆ 34-7ರಿಂದ ಸೋತು ಕೆಳಗಿಳಿದದ್ದೇ ತಡ, ನಾಟರ್ ಡೇಮ್ ಮತ್ತು ಮಯಾಮಿ ಅಕ್ಕಪಕ್ಕ ಬಂದವು. ಮೂರು ತಿಂಗಳಿಂದ ಬದಿಗಿದ್ದ ಆ ಫಲಿತಾಂಶಕ್ಕೆ ಆಗ ಜೀವ ಬಂತು. ಕೊನೆಯ ಎರಡು ಸ್ಥಾನಗಳು ಟುಲೇನ್ ಮತ್ತು ಜೇಮ್ಸ್ ಮ್ಯಾಡಿಸನ್‌ಗೆ ಮೀಸಲಾಗಿದ್ದರಿಂದ 11ನೆಯ ರ್‍ಯಾಂಕಿನ ನಾಟರ್ ಡೇಮ್‌ಗೆ ಬಾಗಿಲು ಮುಚ್ಚಿತು. ತರ್ಕ ತಪ್ಪಲ್ಲ. ಆದರೆ ಅದನ್ನು ನವೆಂಬರ್ ತಿಂಗಳಲ್ಲೇ ಬಿಡಿಸಿ ಹೇಳದೆ, ಪ್ರತಿ ಮಂಗಳವಾರ ಅಡ್ಡಗೋಡೆಯ ಮೇಲೆ ದೀಪವಿಟ್ಟಂತೆ ಪಟ್ಟಿ ಪ್ರಕಟಿಸುತ್ತ ಹೋದದ್ದರಿಂದ ಆ ತಂಡ ಕೈಗೆ ಬಂದ ತುತ್ತು ಜಾರಿತೆಂದು ಕೆರಳಿತು. ಋತುವಿನ ಕೊನೆಗೆ ಆಹ್ವಾನದ ಮೇಲೆ ಆಡುವ ಬೌಲ್ ಪಂದ್ಯವೇ ಬೇಡವೆಂದು ಋತುವನ್ನು ಅಲ್ಲಿಗೇ ಮುಗಿಸಿತು. ಇತ್ತ ಮಯಾಮಿ ರಾಷ್ಟ್ರೀಯ ಫೈನಲ್ ತನಕ ಹೋಗಿ ಇಂಡಿಯಾನಾಕ್ಕೆ 27-21ರಿಂದ ಸೋತಿತು.

ಪ್ರಶ್ನೆ: ಮೊದಲ ಸುತ್ತು ಆಡದೆ ಮುಂದೆ ಹೋಗುವ ಭಾಗ್ಯ ಯಾರಿಗೆ?

ಉತ್ತರ: ಈಗ, ಸಮಿತಿಯ ಪಟ್ಟಿಯ ಮೊದಲ ನಾಲ್ವರಿಗೆ. 12 ತಂಡಗಳ ಪ್ಲೇಆಫ್ ಆರಂಭವಾದ 2024ರಲ್ಲಿ ಮಾತ್ರ ಅದು ಮೇಲಿನ ನಾಲ್ವರು ಕಾನ್ಫರೆನ್ಸ್ ಚಾಂಪಿಯನ್ನರಿಗೆ ಮೀಸಲಾಗಿತ್ತು. ಹೀಗಾಗಿ ರ್‍ಯಾಂಕಿಂಗ್‌ನಲ್ಲಿ 9ರಲ್ಲಿದ್ದ ಬಾಯ್ಸಿ ಸ್ಟೇಟ್‌ಗೆ ಮೂರನೆಯ, 12ರಲ್ಲಿದ್ದ ಅರಿಜೋನಾ ಸ್ಟೇಟ್‌ಗೆ ನಾಲ್ಕನೆಯ ಸೀಡ್ (ಪ್ಲೇಆಫ್‌ನ ಕ್ರಮಾಂಕ) ಸಿಕ್ಕಿತು. ಆ ವರ್ಷ ವಿಶ್ರಾಂತಿ ಪಡೆದ ನಾಲ್ವರೂ ತಾವು ಆಡಿದ ಮೊದಲ ಪಂದ್ಯದಲ್ಲೇ ಸೋತರು. ಮರುವರ್ಷ ನಿಯಮ ಬದಲಾದ ಮೇಲೆಯೂ ಓಹಾಯೊ ಸ್ಟೇಟ್, ಜಾರ್ಜಿಯಾ, ಟೆಕ್ಸಾಸ್ ಟೆಕ್ ಅದೇ ದಾರಿ ಹಿಡಿದವು. ಎರಡು ಋತುಗಳ ಈ ಎಂಟು ತಂಡಗಳಲ್ಲಿ ಮೊದಲ ಪಂದ್ಯ ಗೆದ್ದದ್ದು ಇಂಡಿಯಾನಾ ಒಂದೇ.